ಕರೆದವರು ಯಾರು, ಬೈಸಿಕೊಂಡವರು ಯಾರು?

ಮಾನ್ಯ ಸಂಪಾದಕರಿಗೆ,

ಕೆನಡಾದ ಪ್ರಧಾನಿಯಾಗಿದ್ದ ಜಸ್ಟಿನ್ ಟ್ರೂಡೊ ಅವರು ತಾವು ಕೆಳಗಿಳಿಯುವುದಾಗಿ 2025ರ ಜನವರಿ 6ರಂದು ಪ್ರಕಟಿಸಿದಂದಿನಿಂದ ಆ ದೇಶದ ಬಗ್ಗೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಬಂದ ಸುದ್ದಿ, ಲೇಖನ, ಸಂಪಾದಕೀಯಗಳನ್ನು ಕತ್ತರಿಸಿ ಒಂದು ಹಳೆಯ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡು ಬಂದಿದ್ದೇನೆ. ಈಚೆಗೆ ಅವನ್ನೆಲ್ಲ ಒಟ್ಟಿಗೆ ಓದಿದಾಗ, ಹೆಚ್ಚಿನವು ಹೇಳುವುದು ಒಂದೇ ಮಾತು ಎಂದು ಕಂಡಿತು: ಭಾರತವನ್ನು ಕೆಣಕಿದ ಪ್ರಧಾನಿ ಕುರ್ಚಿ ಕಳೆದುಕೊಂಡರು. ಓದಲು ಹಿತವಾದ ಮಾತು. ಆದರೆ ಅಲ್ಲಿನ ಮತದಾರರು ತಮ್ಮ ಸರಕಾರದ ಮೇಲೆ ಮುನಿಸಿಕೊಂಡದ್ದಕ್ಕೂ ದೆಹಲಿಗೂ ಇದ್ದ ಸಂಬಂಧ ತೀರಾ ಸ್ವಲ್ಪ. ಅವರ ಮುನಿಸು ಮನೆಬಾಡಿಗೆಯದ್ದು, ಗೃಹಸಾಲದ ಬಡ್ಡಿಯದ್ದು, ದಿನಸಿ ಬಿಲ್ಲಿನದ್ದು, ಒಂದೇ ಮುಖವನ್ನು ಒಂಬತ್ತು ವರ್ಷ ನೋಡಿದ ಬೇಸರದ್ದು. ಅದರೊಳಗೆ ಇನ್ನೊಂದು ಸಂಗತಿಯೂ ಇತ್ತು. ಅದು ನಮ್ಮ ಊರಿನ ಮನೆಗಳಿಗೆ ನೇರವಾಗಿ ತಟ್ಟುವಂಥದ್ದು, ಮತ್ತು ಅದನ್ನು ನಾನು ಓದುವ ಯಾವ ಪತ್ರಿಕೆಯೂ ಸಕಾಲದಲ್ಲಿ ನಮಗೆ ತಿಳಿಸಲಿಲ್ಲ ಎಂಬ ಕಾರಣಕ್ಕೆ ಈ ಪತ್ರ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದವನು; ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ದುಡಿಮೆಗಾಗಿ ಮನೆ ಬಿಟ್ಟು ಹೋಗುವುದು ನಮ್ಮ ಭಾಗಕ್ಕೆ ಹೊಸತೇನೂ ಅಲ್ಲ. ಅಜ್ಜಂದಿರ ಕಾಲದಲ್ಲಿ ಮುಂಬಯಿಯ ಹೋಟೆಲುಗಳಿಗೆ ಹೋದರು, ಅನಂತರ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಕೊಲ್ಲಿಗೆ ಹೋದವನು ಒಂದಲ್ಲ ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ಹಿಂದೆ ಬರುತ್ತಾನೆಂದು ಮನೆಯವರಿಗೂ ಗೊತ್ತಿತ್ತು, ಅಲ್ಲಿನ ಸರಕಾರಗಳೂ ಅದಕ್ಕಿಂತ ಹೆಚ್ಚಿನದೇನನ್ನೂ ಹೇಳಿರಲಿಲ್ಲ. ಕೆನಡಾ ಹೇಳಿದ ಮಾತು ಬೇರೆ. ಓದಲು ಬನ್ನಿ, ಓದಿದ ಮೇಲೆ ದುಡಿಯಿರಿ, ದುಡಿದ ಮೇಲೆ ಬೇಕಾದರೆ ಇಲ್ಲಿಯೇ ನೆಲೆಸಿರಿ ಎಂದು ಅದು ಕರೆಯಿತು. ನನ್ನ ತಂಗಿಯ ಮಗ 2023ರ ಸೆಪ್ಟೆಂಬರಿನಲ್ಲಿ ಒಂಟಾರಿಯೊ ಪ್ರಾಂತದ ಒಂದು ಕಾಲೇಜಿಗೆ ಎರಡು ವರ್ಷದ ಡಿಪ್ಲೊಮಾ ಓದಲು ಹೊರಟದ್ದು ಈ ಕರೆಯನ್ನು ನಂಬಿ. ಅದಕ್ಕಾಗಿ ಭಾವನವರು ಎರಡು ಎಕರೆ ಅಡಿಕೆ ತೋಟವನ್ನು ಬ್ಯಾಂಕಿಗೆ ಅಡವಿಟ್ಟರು. ವಿಲೇಜ್ ಆಫೀಸಿನಿಂದ ತರಬೇಕಾದ ಪೊಸೆಶನ್ ಸರ್ಟಿಫಿಕೇಟ್ ಮಲಯಾಳದಲ್ಲಿದ್ದುದರಿಂದ, ಅದರಲ್ಲಿ ಏನು ಬರೆದಿದೆಯೆಂದು ತಿಳಿಯಲು ಅವರು ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕರೆಸಿಕೊಳ್ಳಬೇಕಾಯಿತು. ಅದು ನಮ್ಮ ಬೇರೆಯೇ ಗೋಳು, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಮೊದಲು ಆ ಸರಕಾರದ ಕತೆ. 2015ರ ಅಕ್ಟೋಬರ್ 19ರ ಚುನಾವಣೆಯಲ್ಲಿ ಟ್ರೂಡೊ ಅವರ ಲಿಬರಲ್ ಪಕ್ಷ 338 ಸ್ಥಾನಗಳಲ್ಲಿ 184ನ್ನು ಗೆದ್ದು ಬಂದಾಗ, ಸಂಪುಟದಲ್ಲಿ ಅರ್ಧದಷ್ಟು ಮಹಿಳೆಯರನ್ನು ಕೂರಿಸಿದ ತರುಣ ಪ್ರಧಾನಿಯ ಚಿತ್ರ ನಮ್ಮ ಪತ್ರಿಕೆಗಳಲ್ಲೂ ರಾರಾಜಿಸಿತ್ತು. ನಾನೇ ಅದನ್ನು ತರಗತಿಗೆ ಒಯ್ದು ಮಕ್ಕಳಿಗೆ ತೋರಿಸಿದ್ದೆ. ಹೆಚ್ಚು ಮತ ಪಡೆದ ಒಬ್ಬನೇ ಗೆಲ್ಲುವ ಹಳೆಯ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ ಇದೇ ಎಂದು ಅವರು ಮಾತು ಕೊಟ್ಟಿದ್ದರು. ಆ ಮಾತನ್ನು 2017ರ ಫೆಬ್ರವರಿಯಲ್ಲಿ ಕೈಬಿಡಲಾಯಿತು. ಮೂಲನಿವಾಸಿಗಳ ಹಾಡಿಗಳಲ್ಲಿ ನೀರು ಕುದಿಸದೆ ಕುಡಿಯಬೇಡಿ ಎಂಬ ವರ್ಷಗಟ್ಟಲೆಯ ಎಚ್ಚರಿಕೆ ಫಲಕಗಳನ್ನೆಲ್ಲ 2021ರ ಮಾರ್ಚಿನೊಳಗೆ ತೆಗೆಸುತ್ತೇವೆ ಎಂದಿದ್ದರು. ಅನೇಕ ಕಡೆ ತೆಗೆದರು, ಎಲ್ಲ ಕಡೆ ಆಗಲಿಲ್ಲ. 2019ರಲ್ಲಿ ಒಂದು ದೊಡ್ಡ ಎಂಜಿನಿಯರಿಂಗ್ ಕಂಪೆನಿಯ ಮೇಲಿನ ಮೊಕದ್ದಮೆಯ ವಿಚಾರದಲ್ಲಿ ತಮ್ಮದೇ ಸಂಪುಟದ ಕಾನೂನು ಸಚಿವೆಯ ಮೇಲೆ ಒತ್ತಡ ತಂದರೆಂದು ಸಂಸತ್ತಿನ ನೀತಿ ಆಯುಕ್ತರೇ ತೀರ್ಮಾನ ಕೊಟ್ಟರು. ಆ ಸಚಿವೆ, ಜೋಡಿ ವಿಲ್ಸನ್ ರೇಬೋಲ್ಡ್, ಮೂಲನಿವಾಸಿ ಸಮುದಾಯದಿಂದ ಆ ಹುದ್ದೆಗೇರಿದ ಮೊದಲಿಗರು ಎಂಬುದು ಗಾಯದ ಮೇಲೆ ಉಪ್ಪು ಸವರಿದಂತಾಯಿತು. 2019 ಮತ್ತು 2021ರ ಎರಡೂ ಚುನಾವಣೆಗಳಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಹೆಚ್ಚು ಮತ ಬಿದ್ದರೂ ಹೆಚ್ಚು ಸ್ಥಾನ ಬಂದದ್ದು ಲಿಬರಲರಿಗೆ. ಬದಲಿಸುತ್ತೇವೆಂದು ಹೇಳಿ ಬಿಟ್ಟುಬಿಟ್ಟ ಅದೇ ಪದ್ಧತಿ ಅವರನ್ನು ಉಳಿಸಿತು.

ಇಷ್ಟರಿಂದಲೇ ಯಾವ ಸರಕಾರವೂ ಬೀಳುವುದಿಲ್ಲ. ಜನರ ತಾಳ್ಮೆ ಕೆಟ್ಟದ್ದು ಕೊರೊನಾ ನಂತರ. 2022ರ ಜೂನಿನಲ್ಲಿ ಅಲ್ಲಿನ ಹಣದುಬ್ಬರ ಶೇ. 8.1ಕ್ಕೆ ಏರಿತು, ಸುಮಾರು ನಲವತ್ತು ವರ್ಷಗಳಲ್ಲಿ ಅಷ್ಟು ಕಂಡಿರಲಿಲ್ಲ. ಅದನ್ನು ತಗ್ಗಿಸಲು ಅಲ್ಲಿನ ಕೇಂದ್ರ ಬ್ಯಾಂಕು ಶೇ. 0.25 ಇದ್ದ ಬಡ್ಡಿ ದರವನ್ನು 2023ರ ಜುಲೈ ಹೊತ್ತಿಗೆ ಶೇ. 5ಕ್ಕೆ ಒಯ್ದಿತು. ನಮ್ಮಲ್ಲಿ ಗೃಹಸಾಲದ ಬಡ್ಡಿ ಏರಿದರೆ ಬ್ಯಾಂಕಿನವರು ಕಂತುಗಳ ಸಂಖ್ಯೆ ಹೆಚ್ಚಿಸಿ ಸುಮ್ಮನಾಗುವುದುಂಟು. ಅಲ್ಲಿ ಸಾಮಾನ್ಯವಾಗಿ ಐದೈದು ವರ್ಷಕ್ಕೊಮ್ಮೆ ಸಾಲವನ್ನು ಆ ಹೊತ್ತಿನ ದರದಲ್ಲಿ ನವೀಕರಿಸಬೇಕು. ಕಡಿಮೆ ಬಡ್ಡಿಯ ಕಾಲದಲ್ಲಿ ಮನೆ ಕೊಂಡವನಿಗೆ ನವೀಕರಣದ ಕಾಗದ ಬಂದ ದಿನ ಎದೆ ಧಸಕ್ಕೆನ್ನುತ್ತದೆ. ಆ ಭಾರವನ್ನು ಆತ ಇಳಿಸುವುದು ಬಾಡಿಗೆದಾರನ ಹೆಗಲಿಗೆ.

ಆ ಬಾಡಿಗೆದಾರರಲ್ಲಿ ಒಬ್ಬ ನಮ್ಮ ಹುಡುಗ. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಒಂದು ಮನೆಯ ನೆಲಮಾಳಿಗೆಯಲ್ಲಿ ಅವನ ವಾಸ. ಹೋದ ಮೊದಲ ಚಳಿಗಾಲದಲ್ಲಿ ಅವನು ವಿಡಿಯೊ ಕರೆ ಮಾಡಿ ಕೋಣೆಯನ್ನು ಸುತ್ತ ತೋರಿಸಿದ. ಗೋಡೆಗೆ ತಾಗಿಸಿ ನೆಲದ ಮೇಲೆ ಹಾಸಿದ ಐದು ಹಾಸಿಗೆ, ಪ್ರತಿ ಹಾಸಿಗೆಯ ತಲೆಯ ಬಳಿ ಒಂದು ಸೂಟ್‌ಕೇಸ್, ಅದರ ಮೇಲೆಯೇ ಪುಸ್ತಕ, ಅದರ ಮೇಲೆಯೇ ಊಟದ ತಟ್ಟೆ. ಇರುವುದು ಒಂದೇ ಕಿಟಕಿ, ಅದೂ ಮಾಡಿಗೆ ತಾಗಿದಂತೆ ಮೊಳ ಅಗಲದ್ದು. ಅದರಲ್ಲಿ ಕಾಣುವುದು ಹಿಮ ಮತ್ತು ಹೋಗಿಬರುವವರ ಬೂಟು. ತಲೆಗೆ ತಿಂಗಳಿಗೆ 650 ಕೆನಡಾ ಡಾಲರ್ ಬಾಡಿಗೆ. ತಂಗಿ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಕಟ್ಟು ಬಿಚ್ಚದೆ ಹಾಗೆಯೇ ಇತ್ತು. ಯಾಕೆ ಕಾಯಿಸಲಿಲ್ಲ ಎಂದು ಕೇಳಿದ್ದಕ್ಕೆ, "ಎಣ್ಣೆ ಹೊಗೆ ಎದ್ದರೆ ಅಲಾರಾಂ ಹೊಡೆದುಕೊಳ್ಳುತ್ತದೆ ಮಾವ, ಮೇಲಿನವರು ಇಳಿದು ಬರುತ್ತಾರೆ, ಐದು ಜನ ಇರುವುದು ಗೊತ್ತಾಗುತ್ತದೆ" ಎಂದ. ಮೂವರಿಗೆಂದು ಹೇಳಿ ಹಿಡಿದ ಕೋಣೆಯದು.

ಮೇಲೆ ಇರುವ ಮನೆ ಯಜಮಾನನೂ ಎರಡು ದಶಕದ ಹಿಂದೆ ವಲಸೆ ಬಂದವನೇ. ಸಾಲ ನವೀಕರಿಸಿದ ತಿಂಗಳು ಆತ ಬಾಡಿಗೆ ಏರಿಸಿದ. ಮರುವರ್ಷ ಅಂಗಳದಲ್ಲಿ ಕನ್ಸರ್ವೇಟಿವ್ ಪಕ್ಷದ ನೀಲಿ ಫಲಕ ನೆಟ್ಟ. ಅಲ್ಲಿ ಚುನಾವಣೆಗೆ ಮನೆಯಂಗಳದಲ್ಲಿ ಹೀಗೆ ಫಲಕ ನೆಡುವ ರೂಢಿ ಇದೆ; ನಮ್ಮಲ್ಲಿ ಗೋಡೆಗೆ ಬರೆಯಲು ಬಿಡುವ ಹಾಗೆ ಎನ್ನಬಹುದು, ಆದರೆ ಗೋಡೆಯವನಿಗೆ ಗೊತ್ತಿದ್ದೇ ಆಗುವುದು ಅವರ ವಿಶೇಷ. ಆತ ನಮ್ಮ ಹುಡುಗನ ಎದುರೇ ಅಂದನಂತೆ, ನಿಮ್ಮಂಥ ವಿದ್ಯಾರ್ಥಿಗಳು ಹೀಗೆ ನುಗ್ಗಿ ಬಂದದ್ದರಿಂದ ದೇಶದಲ್ಲಿ ಮನೆ ಸಿಗದ ಹಾಗಾಯಿತು ಎಂದು. ಹಾಗೆ ನುಗ್ಗಿ ಬಂದವರ ಬಾಡಿಗೆಯಿಂದಲೇ ಆತನ ಕಂತು ಸಂದಾಯವಾಗುತ್ತಿತ್ತೆಂಬುದನ್ನು ಹೇಳಲು ಹುಡುಗನಿಗೆ ಬಾಯಿ ಬರಲಿಲ್ಲ.

ನಾನು ಸಂಪಾದಕರ ಗಮನಕ್ಕೆ ತರಬಯಸುವುದು ಇದನ್ನೇ. ದೀರ್ಘಕಾಲ ಆಳಿದ ಒಂದು ಸರಕಾರದ ಮೇಲೆ ಜನ ರೊಚ್ಚಿಗೆದ್ದರು, ರೊಚ್ಚಿಗೆ ಕಾರಣವಿತ್ತು. ಆದರೆ ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ ಆ ರೊಚ್ಚು ಹೋಗಿ ಬಿದ್ದದ್ದು ಬಾಗಿಲು ತೆರೆದವರ ಮೇಲಲ್ಲ, ಒಳಗೆ ಕಾಲಿಟ್ಟವರ ಮೇಲೆ. ಬಾಗಿಲು ತೆರೆದವರು ಕೊನೆಗೆ ಆ ರೊಚ್ಚನ್ನೇ ಒಪ್ಪಿಕೊಂಡು, ಕರೆಸಿಕೊಂಡವರ ಎದುರು ಬಾಗಿಲು ಎಳೆದರು.

ಲೆಕ್ಕ ನೋಡಿ. 2022ರ ನವೆಂಬರಿನಲ್ಲಿ ಅದೇ ಸರಕಾರ, 2025ಕ್ಕೆ 5 ಲಕ್ಷ ಜನರಿಗೆ ಕಾಯಂ ವಾಸದ ಹಕ್ಕು ಕೊಡುವ ಗುರಿ ಘೋಷಿಸಿತು. 2023ರ ಜೂನಿನಲ್ಲಿ ಕೆನಡಾದ ಜನಸಂಖ್ಯೆ 4 ಕೋಟಿ ಮುಟ್ಟಿತು. ವರ್ಷ ತುಂಬುವ ಮೊದಲೇ ಅದು 4 ಕೋಟಿ 10 ಲಕ್ಷವಾಯಿತು. ಈ ಹೆಚ್ಚಳದಲ್ಲಿ ಬಹುಪಾಲು ಹೊರಗಿನಿಂದ ಬಂದವರದ್ದು, ಅದರಲ್ಲೂ ತಾತ್ಕಾಲಿಕ ಪರವಾನಗಿಯ ಮೇಲೆ ಬಂದ ವಿದ್ಯಾರ್ಥಿಗಳು ಮತ್ತು ಕೆಲಸಗಾರರದ್ದು. 2023ರ ಕೊನೆಗೆ ಅಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 10 ಲಕ್ಷಕ್ಕೂ ಹೆಚ್ಚು. ಸರಿಸುಮಾರು ಐವರಲ್ಲಿ ಇಬ್ಬರು ಭಾರತದವರು. ಇಷ್ಟು ಜನ ಮಲಗುವುದೆಲ್ಲಿ ಎಂದು ಕರೆಯುವ ಮುಂಚೆ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ತಮಾಷೆಯೆಂದರೆ, ಈ ಸಂಖ್ಯೆ ಏರುತ್ತಿದ್ದ ಕಾಲದಲ್ಲಿ ವಲಸೆ ಸಚಿವರಾಗಿದ್ದ ಷಾನ್ ಫ್ರೇಸರ್ ಅವರನ್ನೇ 2023ರ ಜುಲೈಯಲ್ಲಿ ವಸತಿ ಸಚಿವರನ್ನಾಗಿ ಮಾಡಲಾಯಿತು. ಮದುವೆಗೆ ಊರೆಲ್ಲ ಕರೆದು ಬಂದವನಿಗೇ ಚಪ್ಪರ ಹಾಕುವ ಕೆಲಸವನ್ನೂ ವಹಿಸಿದ ಹಾಗೆ, ಅದೂ ನೆಂಟರು ಬಂದಿಳಿದ ಮೇಲೆ.

ನ್ಯಾಯಕ್ಕೆ ಹೇಳಬೇಕೆಂದರೆ ತಪ್ಪು ರಾಜಧಾನಿ ಒಟ್ಟಾವಾದಲ್ಲಿರುವ ಕೇಂದ್ರ ಸರಕಾರದ್ದು ಮಾತ್ರ ಅಲ್ಲ. ಅಲ್ಲಿ ಕಾಲೇಜುಗಳು ಪ್ರಾಂತಗಳ ಅಧೀನ. ಒಂಟಾರಿಯೊದಲ್ಲಿ ಕನ್ಸರ್ವೇಟಿವರದ್ದೇ ಪ್ರಾಂತ ಸರಕಾರ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇ. 10ರಷ್ಟು ಇಳಿಸಿ, ಬಳಿಕ ಅದನ್ನು ಅಲ್ಲಿಯೇ ನಿಲ್ಲಿಸಿತು. ಕೈ ಕಚ್ಚಿದ ಕಾಲೇಜುಗಳು ಅದರ ಹಲವು ಪಟ್ಟು ಶುಲ್ಕ ಕೊಡುವ ವಿದೇಶಿ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೊರಟವು. ನಮ್ಮ ಪೇಟೆಗಳಲ್ಲಿ ಮೊಬೈಲ್ ಅಂಗಡಿಯ ಮಾಳಿಗೆಯಲ್ಲಿ ಮೇಜು ಹಾಕಿ ಕುಳಿತ ಏಜೆಂಟರು ಆ ಹುಡುಕಾಟದ ಕೊನೆಯ ಕೊಂಡಿ. ಅದೇ ಲಿಬರಲ್ ಸರಕಾರದ ಮುಂದಿನ ವಲಸೆ ಸಚಿವ ಮಾರ್ಕ್ ಮಿಲ್ಲರ್, ಇಂಥ ಕೆಲವು ಕಾಲೇಜುಗಳನ್ನು ಮಾರಾಟಕ್ಕೆಂದೇ ಸಾಲು ಸಾಲಾಗಿ ನಾಯಿಮರಿ ಹಾಕಿಸುವ ಕೇಂದ್ರಗಳಿಗೆ ಹೋಲಿಸಿ ಮಾತಾಡಿದರು. ಹೋಲಿಕೆ ಕಾಲೇಜಿಗೆ ಸರಿಯಾಗಿ ಕೂರುತ್ತದೆ, ನಿಜ. ಆ ಹೋಲಿಕೆಯಲ್ಲಿ ನಮ್ಮ ಮಕ್ಕಳು ಏನಾದರು ಎಂಬುದನ್ನು ತಾವೇ ಊಹಿಸಿ. ಆ ಕಾಲೇಜುಗಳಿಗೆ ಸೇರಿದವರಿಗೆ ಪರವಾನಗಿಯ ಮುದ್ರೆ ಒತ್ತಿದ್ದು ಮಿಲ್ಲರ್ ಅವರ ಇಲಾಖೆಯೇ.

ನೀತಿ ಹೇಗೆ ಹೊರಳಿತೆಂಬುದಕ್ಕೆ ನಮ್ಮ ಹುಡುಗನ ವಾರದ ದುಡಿಮೆಯೇ ಸಾಕ್ಷಿ. ವಿದ್ಯಾರ್ಥಿಗಳು ಕಾಲೇಜಿನ ಹೊರಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಬಾರದೆಂಬ ನಿಯಮವನ್ನು, ಆಳುಗಳು ಸಿಗುವುದಿಲ್ಲವೆಂಬ ಕಾರಣಕ್ಕೆ 2022ರ ನವೆಂಬರಿನಲ್ಲಿ ತಾತ್ಕಾಲಿಕವಾಗಿ ತೆಗೆದುಹಾಕಿದ್ದರು. ಅವನು ಹೋದದ್ದು ಆ ವಿನಾಯಿತಿಯ ಕಾಲದಲ್ಲಿ. ಒಂಟಾರಿಯೊದ ಆಗಿನ ಕನಿಷ್ಠ ಕೂಲಿ ಗಂಟೆಗೆ 16.55 ಡಾಲರ್, ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿ ವಾರಕ್ಕೆ 40 ಗಂಟೆ ದುಡಿದರೆ ಬಾಡಿಗೆ, ಊಟ, ಮುಂದಿನ ಕಂತಿನ ಶುಲ್ಕ ಎಲ್ಲವೂ ಹೇಗೋ ಹೊಂದಿಕೊಳ್ಳುತ್ತದೆಂದು ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಲೆಕ್ಕ ಬರೆದು ನನಗೆ ಫೋಟೊ ಕಳಿಸಿದ್ದ. 2024ರ ಏಪ್ರಿಲ್ 30ಕ್ಕೆ ವಿನಾಯಿತಿ ಮುಗಿಯಿತು. ಮೇ ತಿಂಗಳಿಂದ ಅದೇ 20 ಗಂಟೆ, ಅಂದರೆ ವಾರಕ್ಕೆ 331 ಡಾಲರ್, ಅದರಲ್ಲಿ ತಿಂಗಳ ಬಾಡಿಗೆ 650. ನವೆಂಬರಿನಲ್ಲಿ ಅದು 24 ಗಂಟೆಯಾಯಿತು. ಗಂಟೆಗೆ ಮಿತಿ ಬೇಡವೆಂದು ನಾನು ವಾದಿಸುವುದಿಲ್ಲ. ಓದಲು ಹೋದವನು ಓದಬೇಕೆಂದು ಅಧ್ಯಾಪಕನಾಗಿದ್ದ ನನಗೂ ಅನಿಸುತ್ತದೆ. ಗೋದಾಮಿಗೆ ಆಳು ಬೇಕಾದಾಗ ಅವನನ್ನು ಆಳೆಂದು ಎಣಿಸಿ, ಮತಕ್ಕೆ ತೊಂದರೆ ಬಂದಾಗ ಅವನಿಗೆ ವಿದ್ಯಾರ್ಥಿಯೆಂದು ನೆನಪಿಸಿದ ರೀತಿ ಮಾತ್ರ ಸರಿಯಲ್ಲ.

ಮುಂದಿನದು ಬೇಗ ಬೇಗ ನಡೆಯಿತು. 2024ರ ಜನವರಿ 1ರಿಂದ, ವಿದ್ಯಾರ್ಥಿ ತನ್ನ ಖರ್ಚಿಗೆ ತೋರಿಸಬೇಕಾದ ಹಣ 10,000 ಡಾಲರಿನಿಂದ 20,635ಕ್ಕೆ ಏರಿತು. ನಮ್ಮ ರೂಪಾಯಿಯಲ್ಲಿ ಹನ್ನೆರಡು ಲಕ್ಷ ದಾಟುವ ಮೊತ್ತ. ಅದೇ ತಿಂಗಳು ವಿದ್ಯಾರ್ಥಿ ಪರವಾನಗಿಗಳ ಸಂಖ್ಯೆಗೂ ಮಿತಿ ಬಂತು. ನವೆಂಬರಿನಲ್ಲಿ, ಭಾರತವೂ ಸೇರಿದಂತೆ ಕೆಲವು ದೇಶಗಳ ವಿದ್ಯಾರ್ಥಿಗಳ ಅರ್ಜಿಯನ್ನು ಬೇಗ ವಿಲೇವಾರಿ ಮಾಡುತ್ತಿದ್ದ ವ್ಯವಸ್ಥೆಯನ್ನೇ ಮುಚ್ಚಿದರು. ಕಾಯಂ ವಾಸಿಗಳ 2025ರ ಗುರಿಯನ್ನು 5 ಲಕ್ಷದಿಂದ 3 ಲಕ್ಷ 95 ಸಾವಿರಕ್ಕೆ ಇಳಿಸಿದರು. ಟ್ರೂಡೊ ಅವರು ಒಂದು ವಿಡಿಯೊ ಮಾಡಿ, ತಮ್ಮ ಸರಕಾರ ಕೆಲವು ತಪ್ಪು ಮಾಡಿದೆಯೆಂದು ಒಪ್ಪಿಕೊಂಡರು. ನಕಲಿ ಕಾಲೇಜುಗಳ ದುರಾಸೆಯನ್ನೂ ದೂರಿದರು. ತಪ್ಪು ಒಪ್ಪಿಕೊಂಡ ರಾಜಕಾರಣಿಗೆ ನಾನು ಕೈ ಮುಗಿಯುವವನು, ಅಂಥವರು ನಮ್ಮ ಎರಡೂ ರಾಜ್ಯಗಳಲ್ಲಿ ಅಪರೂಪ. ಆದರೂ ಕಾಸರಗೋಡಿನ ಬ್ಯಾಂಕೊಂದರಲ್ಲಿ ಅಡವಿಗೆ ಬಿದ್ದ ತೋಟದ ಕಡೆಯಿಂದ ನೋಡಿದರೆ, ಆ ಒಪ್ಪಿಗೆ ಎರಡು ವರ್ಷ ತಡವಾಗಿ ಬಂತು.

ಇಂಗಾಲದ ಶುಲ್ಕದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿನ ವಿರೋಧ ಪಕ್ಷದ ಘೋಷಣೆಗಳಲ್ಲಿ ಹೆಚ್ಚು ಕಂಡದ್ದು ಅದು. ಪೆಟ್ರೋಲು, ಮನೆ ಬೆಚ್ಚಗಿಡುವ ಅನಿಲ ಇತ್ಯಾದಿಗಳ ಮೇಲೆ 2019ರಲ್ಲಿ, ಅವು ಉಗುಳುವ ಇಂಗಾಲದ ಡೈಆಕ್ಸೈಡಿನ ಟನ್ನಿಗೆ 20 ಡಾಲರಿನಂತೆ ಹಾಕಿದ ಶುಲ್ಕ 2024ರ ಏಪ್ರಿಲಿನಲ್ಲಿ 80 ಡಾಲರಾಯಿತು. ವಸೂಲಾದುದರಲ್ಲಿ ಹೆಚ್ಚಿನ ಪಾಲನ್ನು ಮನೆಗಳಿಗೇ ಮರಳಿಸುತ್ತಿದ್ದರೂ ಜನರ ಕಣ್ಣಿಗೆ ಬೀಳುತ್ತಿದ್ದುದು ಕೊಟ್ಟದ್ದು ಮಾತ್ರ. 2023ರ ಅಕ್ಟೋಬರಿನಲ್ಲಿ ಮನೆ ಕಾಯಿಸುವ ಎಣ್ಣೆಗೆ ಮೂರು ವರ್ಷ ವಿನಾಯಿತಿ ಕೊಟ್ಟಾಗ, ಅದರ ಲಾಭ ಹೆಚ್ಚಾಗಿ ಪೂರ್ವ ಕರಾವಳಿಯ ಪ್ರಾಂತಗಳಿಗೆ ಸಿಕ್ಕಿತು. ಅನಿಲ ಉರಿಸುವ ಉಳಿದವರು ನಮಗೇಕಿಲ್ಲ ಎಂದು ಕೇಳಿದರು. ತನ್ನ ನೀತಿಯನ್ನು ತಾನೇ ತೂತು ಮಾಡಿದ ಮೇಲೆ ಅದನ್ನು ಸಮರ್ಥಿಸಲು ಸರಕಾರಕ್ಕೆ ನಾಲಿಗೆ ಉಳಿಯಲಿಲ್ಲ.

ಈ ಬೇಸರಕ್ಕೆ ನಾವು ಕನ್ನಡದಲ್ಲಿ ಆಡಳಿತ ವಿರೋಧಿ ಅಲೆ ಎನ್ನುತ್ತೇವೆ. ನಮ್ಮ ಜಿಲ್ಲೆಯಲ್ಲಿ ಬೆಳಗ್ಗೆ ಕನ್ನಡ ಪತ್ರಿಕೆ ಓದಿ, ಚಹಾದಂಗಡಿಯಲ್ಲಿ ಮಲಯಾಳ ಪತ್ರಿಕೆಯ ತಲೆಬರಹ ಕೇಳುವವರಿಗೆ ಇನ್ನೊಂದು ಪದವೂ ಗೊತ್ತು: ಭರಣವಿರುದ್ಧ ವಿಕಾರಂ. ಅವರ ವಿಕಾರವೆಂದರೆ ಭಾವನೆ, ನಮ್ಮ ವಿಕಾರವೆಂದರೆ ಕುರೂಪ. ಕೆನಡಾದ ವಿಷಯದಲ್ಲಿ ಎರಡು ಭಾಷೆಯ ಅರ್ಥವೂ ಸಲ್ಲುತ್ತದೆಂದು ನನಗೆ ಅನಿಸಿದೆ. ಮೊದಲು ಅದು ಭಾವನೆಯಾಗಿಯೇ ಇತ್ತು, ನ್ಯಾಯವಾದದ್ದೂ ಆಗಿತ್ತು. 2024ರ ಜೂನಿನಲ್ಲಿ, 1993ರಿಂದ ಲಿಬರಲರ ಕೈ ಬಿಡದಿದ್ದ ಟೊರಾಂಟೊ ಸೇಂಟ್ ಪಾಲ್ಸ್ ಕ್ಷೇತ್ರ ಉಪಚುನಾವಣೆಯಲ್ಲಿ ಕೈತಪ್ಪಿದಾಗ ಆ ಭಾವನೆ ಮತಪೆಟ್ಟಿಗೆಯಲ್ಲಿ ಸರಿಯಾದ ಜಾಗಕ್ಕೇ ಮುಟ್ಟಿತ್ತು. ಅದೇ ಹೊತ್ತಿಗೆ ಅದು ಬಸ್ಸಿನಲ್ಲಿ ವಿಕಾರವಾಗಿಯೂ ಕಾಣತೊಡಗಿತು. ನಮ್ಮ ಹುಡುಗ ಮನೆಗೆ ಫೋನ್ ಮಾಡುತ್ತ ಕನ್ನಡದಲ್ಲಿ ಮಾತಾಡುತ್ತಿದ್ದಾಗ, ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ, ನಿನ್ನ ದೇಶಕ್ಕೆ ಹೋಗಿ ಮಾತಾಡು ಎಂದಳಂತೆ. ಅವನು ಫೋನು ಜೇಬಿಗೆ ಹಾಕಿ, ಇಳಿಯಬೇಕಾದಲ್ಲಿಗಿಂತ ಎರಡು ಸ್ಟಾಪು ಮುಂಚೆಯೇ ಇಳಿದು ನಡೆದ. ಕಾಸರಗೋಡಿನಲ್ಲಿ ಹುಟ್ಟಿ, ಸರಕಾರಿ ಕಚೇರಿಯ ಕೌಂಟರಿನಲ್ಲಿ ಕನ್ನಡದಲ್ಲಿ ಕೇಳಿದರೆ ಮುಖ ಸಿಂಡರಿಸುವವರನ್ನು ಕಂಡು ಬೆಳೆದ ಹುಡುಗ ಅವನು; ಅಲ್ಲಿಯೂ ಕನ್ನಡಕ್ಕಾಗಿಯೇ ಬೈಸಿಕೊಂಡ.

ಇದೇ ಕನ್ನಡವನ್ನು 2022ರ ಮೇ ತಿಂಗಳಿನಲ್ಲಿ ಕೆನಡಾದ ಸಂಸತ್ತಿನಲ್ಲಿ ಕೇಳಿ ನಾವೆಲ್ಲ ಹಿಗ್ಗಿದ್ದೆವು. ತುಮಕೂರು ಜಿಲ್ಲೆಯ ಶಿರಾ ಕಡೆಯವರಾದ, ಲಿಬರಲ್ ಪಕ್ಷದ ಸಂಸದ ಚಂದ್ರ ಆರ್ಯ ಅವರು ಸದನದಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದ ಆ ತುಣುಕನ್ನು ನಾನು ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪಿಗೆ ಕಳಿಸಿ, ಕಾಸರಗೋಡಿನಲ್ಲಿ ಅರ್ಜಿ ನಮೂನೆ ಕನ್ನಡದಲ್ಲಿ ಕೊಡಿಸಲು ಮನವಿ ಬರೆಯುವ ನಮಗಿಂತ ಒಟ್ಟಾವಾದ ಕನ್ನಡ ಮುಂದೆ ಹೋಯಿತಲ್ಲ ಎಂದು ತಮಾಷೆ ಮಾಡಿದ್ದೆ. ಅನಂತರದ ಕತೆಯನ್ನು ನಮ್ಮ ಪತ್ರಿಕೆಗಳು ಅಷ್ಟು ಉತ್ಸಾಹದಿಂದ ಬರೆಯಲಿಲ್ಲ. ಟ್ರೂಡೊ ಅವರ ಬಳಿಕ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಲು ಆರ್ಯ ಮುಂದಾದಾಗ ಪಕ್ಷ ಅವಕಾಶ ಕೊಡಲಿಲ್ಲ. ಮತ್ತೆ ಎರಡು ತಿಂಗಳಿಗೆ, 2015ರಿಂದ ಅವರು ಪ್ರತಿನಿಧಿಸುತ್ತಿದ್ದ ನೆಪಿಯನ್ ಕ್ಷೇತ್ರದ ಟಿಕೆಟನ್ನೂ ಹಿಂತೆಗೆದುಕೊಂಡಿತು. ಆ ಕ್ಷೇತ್ರದಲ್ಲಿ ನಿಂತು ಗೆದ್ದವರು ಹೊಸ ನಾಯಕ ಮಾರ್ಕ್ ಕಾರ್ನಿ. ದೀರ್ಘಕಾಲ ಆಳಿದ ಪಕ್ಷದ ಮೇಲಿನ ಅಸಮಾಧಾನಕ್ಕೆ ಪಕ್ಷದ ಒಳಗಿನವರಲ್ಲೂ ಕಾರಣವಿತ್ತು ಎಂದು ತೋರಿಸಲು ಇಷ್ಟು ಸಾಕು.

ಭಾರತದ ಜೊತೆಗಿನ ಜಗಳದ ಮಾತು ಬಿಟ್ಟುಬಿಟ್ಟೆನೆಂದು ತಾವು ಹೇಳಬಾರದು. ಹುಡುಗ ಹೋಗಿ ಇಳಿದು ಎರಡು ವಾರವಾಗಿತ್ತಷ್ಟೆ. 2023ರ ಸೆಪ್ಟೆಂಬರ್ 18ರಂದು ಟ್ರೂಡೊ ಅವರು ಖಾಲಿಸ್ತಾನಿ ಪ್ರತ್ಯೇಕತಾವಾದಿ ಹರ್ದೀಪ್ ಸಿಂಗ್ ನಿಜ್ಜರ್ ಹತ್ಯೆಯಲ್ಲಿ ಭಾರತ ಸರಕಾರದ ಕೈವಾಡದ ಆರೋಪವನ್ನು ಸದನದಲ್ಲಿ ಎತ್ತಿದರು. ಭಾರತ ಅದನ್ನು ತಳ್ಳಿಹಾಕಿತು, ಕೆನಡಾದವರಿಗೆ ವೀಸಾ ಕೊಡುವುದನ್ನು ನಿಲ್ಲಿಸಿತು. ಅಕ್ಟೋಬರಿನಲ್ಲಿ ಕೆನಡಾ ತನ್ನ 41 ರಾಜತಾಂತ್ರಿಕರನ್ನು ಹಿಂದೆ ಕರೆಸಿಕೊಂಡಾಗ ಬೆಂಗಳೂರಿನ ದೂತಾವಾಸ ಕಚೇರಿಯಲ್ಲಿ ಜನರನ್ನು ಮುಖತಃ ಕಾಣುವ ಕೆಲಸ ನಿಂತಿತು. 1985ರ ಜೂನ್ 23ರಂದು ಕನಿಷ್ಕ ವಿಮಾನದ ಸ್ಫೋಟದಲ್ಲಿ 329 ಜನ ಸತ್ತದ್ದನ್ನು ಮರೆಯದವರಿಗೆ, ಪ್ರತ್ಯೇಕತಾವಾದಿಗಳ ವಿಷಯದಲ್ಲಿ ಆ ದೇಶ ತೋರಿದ ಉದಾಸೀನದ ಮೇಲೆ ಸಿಟ್ಟಿರುವುದು ಸಹಜ, ನನಗೂ ಇದೆ. ಆದರೆ ಆ ಸಿಟ್ಟು ನಮ್ಮದು. ಅದನ್ನು ಒಯ್ದು ಬ್ರಾಂಪ್ಟನ್ನಿನ ಮನೆ ಯಜಮಾನನ ತಲೆಯೊಳಗೆ ಇಟ್ಟು, ಆತ ಅದಕ್ಕಾಗಿಯೇ ನೀಲಿ ಫಲಕ ನೆಟ್ಟನೆಂದು ಬರೆದರೆ ಓದುಗರನ್ನು ದಾರಿ ತಪ್ಪಿಸಿದಂತಾಗುತ್ತದೆ. 2024ರ ಡಿಸೆಂಬರ್ 16ರಂದು ಹಣಕಾಸು ಸಚಿವೆ ಕ್ರಿಸ್ಟಿಯಾ ಫ್ರೀಲ್ಯಾಂಡ್ ತಾವು ಆರ್ಥಿಕ ವರದಿ ಮಂಡಿಸಬೇಕಾಗಿದ್ದ ದಿನವೇ ರಾಜೀನಾಮೆ ಎಸೆದು ಹೋದದ್ದು, ಮತ್ತು 40.1 ಶತಕೋಟಿ ಡಾಲರಿನೊಳಗೆ ನಿಲ್ಲಿಸುತ್ತೇವೆಂದಿದ್ದ ಕೊರತೆ 61.9 ಶತಕೋಟಿಯಾಗಿತ್ತೆಂದು ಅದೇ ಸಂಜೆ ಹೊರಬಿದ್ದದ್ದು, ಟ್ರೂಡೊ ಅವರನ್ನು ಕೆಡವಿದ ಕೊನೆಯ ಪೆಟ್ಟು. ಅದರಲ್ಲಿ ಭಾರತದ ಹೆಸರೇ ಇಲ್ಲ.

ಇನ್ನು ಆ ಪಕ್ಷ ಸೋತಿತೇ? ಸೋಲಲಿಲ್ಲ. ಕೆನಡಾದಲ್ಲಿ ಹತ್ತು ವರ್ಷದ ಆಸುಪಾಸಿನಲ್ಲಿ ಸರಕಾರಗಳು ಉದುರುವುದು ವಾಡಿಕೆ. 1984ರಿಂದ ಆಳಿದ ಕನ್ಸರ್ವೇಟಿವರು 1993ರಲ್ಲಿ ಕೇವಲ 2 ಸ್ಥಾನಕ್ಕೆ ಇಳಿದಿದ್ದರು, 2006ರಲ್ಲಿ ಬಂದ ಸ್ಟೀಫನ್ ಹಾರ್ಪರ್ 2015ಕ್ಕೆ ಹೋದರು. 2025ರ ಜನವರಿಯಲ್ಲಿ ಮತ ಸಮೀಕ್ಷೆಗಳು ಕನ್ಸರ್ವೇಟಿವರಿಗೆ ಶೇ. 20ಕ್ಕೂ ಹೆಚ್ಚಿನ ಮುನ್ನಡೆ ತೋರಿಸುತ್ತಿದ್ದವು. ಅಷ್ಟರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್, ಕೆನಡಾವನ್ನು ತಮ್ಮ 51ನೇ ರಾಜ್ಯ ಮಾಡಿಕೊಳ್ಳುವ ಮಾತಾಡಿ ಸುಂಕ ಹೇರತೊಡಗಿದರು. ಜನರ ಸಿಟ್ಟಿಗೆ ಹೊಸ ಗುರಿ ಸಿಕ್ಕಿತು. ಕೆನಡಾ ಮತ್ತು ಇಂಗ್ಲೆಂಡ್ ಎರಡೂ ದೇಶಗಳ ಕೇಂದ್ರ ಬ್ಯಾಂಕುಗಳ ಗವರ್ನರ್ ಆಗಿದ್ದ ಕಾರ್ನಿ ಮಾರ್ಚ್ 14ರಂದು ಪ್ರಧಾನಿಯಾದ ದಿನವೇ, ತಮ್ಮದೇ ಪಕ್ಷ ವರ್ಷಗಟ್ಟಲೆ ಸಮರ್ಥಿಸಿದ ಇಂಗಾಲದ ಶುಲ್ಕವನ್ನು ಗ್ರಾಹಕರ ಮಟ್ಟಿಗೆ ರದ್ದುಪಡಿಸುವ ಕಾಗದಕ್ಕೆ ಸಹಿ ಹಾಕಿದರು. ಏಪ್ರಿಲ್ 28ರ ಚುನಾವಣೆಯಲ್ಲಿ ಲಿಬರಲರಿಗೆ 343ರಲ್ಲಿ 169 ಸ್ಥಾನ ಬಂತು; ವಿರೋಧ ಪಕ್ಷದ ನಾಯಕ ಪಿಯರ್ ಪೊಯ್ಲಿಯೆವ್ರ್ ತಮ್ಮ ಸ್ವಂತ ಕ್ಷೇತ್ರವನ್ನೇ ಕಳೆದುಕೊಂಡರು. ಜನ ಯಾವುದರ ಮೇಲೆ ಸಿಟ್ಟಾಗಿದ್ದರೋ ಅದನ್ನೆಲ್ಲ ಪಕ್ಷ ತಾನೇ ಕಳಚಿ ಹಾಕಿ, ಹೊಸ ಮುಖ ಹೊತ್ತು ಮರಳಿ ಬಂತು. ಕಳಚಿ ಹಾಕಿದ್ದರಲ್ಲಿ ವಿದ್ಯಾರ್ಥಿಗಳೂ ಸೇರಿದರು. ಹೊಸದಾಗಿ ಒಳಬಿಡುವ ವಿದ್ಯಾರ್ಥಿಗಳ ಗುರಿ 2025ಕ್ಕೆ 3,05,900 ಇದ್ದುದು 2026ಕ್ಕೆ 1,55,000 ಆಗಿದೆ.

ನಮ್ಮ ಹುಡುಗ ಡಿಪ್ಲೊಮಾ ಮುಗಿಸಿ ಮೂರು ವರ್ಷದ ಕೆಲಸದ ಪರವಾನಗಿ ಪಡೆದಿದ್ದಾನೆ. ಅದು 2028ರ ವರೆಗೆ ಇದೆ. ಕಾಯಂ ವಾಸಕ್ಕೆ ಅಂಕಗಳ ಲೆಕ್ಕ ಉಂಟಷ್ಟೆ. ಕೆಲಸದ ಕರಾರು ಪತ್ರಕ್ಕೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚಿನಲ್ಲಿ ತೆಗೆದುಹಾಕಿದ್ದರಿಂದ ಅವನ ಲೆಕ್ಕ ಮತ್ತೆ ತಪ್ಪಿದೆ. ಈಗ ಫ್ರೆಂಚ್ ಕಲಿಯುತ್ತಿದ್ದಾನೆ, ಅದಕ್ಕೆ ಅಂಕವುಂಟಂತೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿಸಿದ ಹುಡುಗ, ಊರಿನಲ್ಲಿ ಮಲಯಾಳ, ಮನೆಯಲ್ಲಿ ಹವ್ಯಕ, ಪೇಟೆಯಲ್ಲಿ ತುಳು ಆಡಿದವನು; ಇನ್ನೊಂದು ಭಾಷೆ ಅವನಿಗೆ ಭಾರವಾಗಲಾರದು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಮಂಗಳೂರು, ಪುತ್ತೂರುಗಳ ಅಡಿಕೆ ಧಾರಣೆಯನ್ನು ತಾವು ದಿನವೂ ಅಚ್ಚು ಮಾಡುತ್ತೀರಿ, ನಾವು ಅದನ್ನು ನೋಡಿಯೇ ಅಡಿಕೆ ಕೊಡುವುದೋ ಇಡುವುದೋ ನಿರ್ಧರಿಸುತ್ತೇವೆ. ಅದೇ ಅಡಿಕೆಯ ಹಣ ಹೋಗಿ ಸೇರುವ ದೇಶದ ವಿದ್ಯಾರ್ಥಿ ನಿಯಮಗಳು ಬದಲಾದಾಗ, ತಿಂಗಳಿಗೊಮ್ಮೆಯಾದರೂ ಒಂದು ಮೂಲೆಯಲ್ಲಿ ಅದನ್ನು ಕನ್ನಡದಲ್ಲಿ ಕೊಡಿ. ಒಟ್ಟಾವಾದಲ್ಲಿ ಯಾರು ಯಾರ ಕೈ ಕುಲುಕಿದರೆಂಬ ಚಿತ್ರ ಸ್ವಲ್ಪ ಚಿಕ್ಕದಾದರೂ ನಡೆಯುತ್ತದೆ. ಮೊನ್ನೆ ನೆರೆಮನೆಯವರು ತಮ್ಮ ಮಗಳಿಗೆಂದು ಪೇಟೆಯ ಒಬ್ಬ ಏಜೆಂಟ್ ಕೊಟ್ಟ ಬಣ್ಣದ ಕರಪತ್ರವನ್ನು ನನ್ನಿಂದ ಓದಿಸಲು ತಂದಿದ್ದರು. ಮೇಪಲ್ ಎಲೆಯ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಓದು, ಕೆಲಸ, ಪಿ.ಆರ್. (ಅಂದರೆ ಕಾಯಂ ವಾಸ) ಎಂದು ಅಚ್ಚಾಗಿದೆ, ಖರ್ಚಿಗೆ ತೋರಿಸಬೇಕಾದ ಹಣ 10,000 ಡಾಲರ್ ಎಂದೇ ಇದೆ. 2025ರ ಸೆಪ್ಟೆಂಬರಿನಿಂದ ಅದು 22,895 ಆಗಿದೆ ಎಂದು ಹೇಳಿದಾಗ, ಅವರು ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಹದಿನೈದನೇ ತಾರೀಕಿನೊಳಗೆ ಮುಂಗಡ ಕಟ್ಟಬೇಕಂತೆ ಮಾಷ್ಟ್ರೇ ಎಂದರು. ಅದರ ಒಂದು ನೆರಳಚ್ಚು ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಹದಿನೈದರ ಮೊದಲು ತಮ್ಮ ಪತ್ರಿಕೆಯಲ್ಲಿ ಎರಡು ಸಾಲು ಬಂದರೆ ಉಪಕಾರ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಅಧ್ಯಾಪಕ
ಪೆರ್ಲ, ಕಾಸರಗೋಡು ಜಿಲ್ಲೆ